ಮಗು ಮಾತಾಡಿತಾ, ಮಗುವಿನ ಬಗ್ಗೆ ಯಾರೋ ಮಾತಾಡಿದರಾ? ಸಾಕ್ಷ್ಯಚಿತ್ರಗಳ ಬಾಲ್ಯವನ್ನು ಹೋಲಿಸಿ ನೋಡುವ ಬಗೆ

ಸಕಲೇಶಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಕರೆಂಟ್ ಇದ್ದರೆ, ಒಂಬತ್ತನೇ ಕ್ಲಾಸಿನವರ ಜೊತೆ ಕೂತು ಸಾಕ್ಷ್ಯಚಿತ್ರ ನೋಡುತ್ತೇನೆ. ಇದು ಶುರುವಾಗಿದ್ದು ಒಂದು ಬೇಜಾರಿನಿಂದ.

ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಒಂದು ತಂಡ ಬಂದು ಪಕ್ಕದ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳನ್ನು ಎರಡು ದಿನ ಶೂಟಿಂಗ್ ಮಾಡಿತು. ಕಣದಲ್ಲಿ ಹರವಿದ ಕಾಫಿಯ ಸುತ್ತ ಮಕ್ಕಳು ಓಡಿದ್ದು, ಬಿದ್ದಿದ್ದು, ಬಿದ್ದು ನಕ್ಕಿದ್ದು ಎಲ್ಲವನ್ನೂ ನಾನು ಅಲ್ಲೇ ನಿಂತು ನೋಡಿದ್ದೆ. ಆಮೇಲೆ ಬಂದ ವಿಡಿಯೊದಲ್ಲಿ ಒಂದು ನಗುವೂ ಇರಲಿಲ್ಲ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದ ಕ್ಷಣವನ್ನು ಹಿಡಿದು, ಅದರ ಹಿಂದೆ ಪಿಟೀಲು ಸೇರಿಸಿದ್ದರು. "ಟೀಚರ್, ನಾನು ಅವತ್ತು ಅತ್ತೇ ಇಲ್ಲ, ಅಲ್ವಾ?" ಎಂದು ಅವಳು ಕೇಳಿದಳು. ನನಗೆ ತುಂಬಾ ನೋವಾಯಿತು. ನಮ್ಮ ಮಕ್ಕಳನ್ನು ಹೀಗೆ ತೋರಿಸಿದರು ಎಂದಾದರೆ, ನಾವು ನೋಡಿ ಕಣ್ಣೀರು ಹಾಕಿದ ದೂರದೇಶದ ಮಕ್ಕಳನ್ನು ಹೇಗೆ ತೋರಿಸಿದ್ದರೋ? ಅಲ್ಲಿಂದ ಮುಂದೆ ಒಂದು ಪದ್ಧತಿ ಮಾಡಿಕೊಂಡೆವು. ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಚಿತ್ರ ಹಾಕುವ ಮೊದಲು ಪ್ರತಿಯೊಬ್ಬರೂ ತಮ್ಮ ನಿನ್ನೆಯ ದಿನವನ್ನು ಅರ್ಧ ಪುಟ ಬರೆಯಬೇಕು. ಎದ್ದದ್ದು, ತಿಂದದ್ದು, ಯಾರ ಹತ್ತಿರ ಬೈಸಿಕೊಂಡದ್ದು, ಎಲ್ಲವೂ. ಇದನ್ನು ಬಿಡಬೇಡಿ. ನಮ್ಮ ಕಡೆಯ ದಿನ ಕಾಗದದ ಮೇಲೆ ಇಲ್ಲದಿದ್ದರೆ ಹೋಲಿಕೆಗೆ ಒಂದೇ ಕಾಲು ಇರುತ್ತದೆ. ನಮ್ಮದು ಸರಿ, ಅವರದು ವಿಚಿತ್ರ ಅನ್ನಿಸಿಬಿಡುತ್ತದೆ. ನಮ್ಮ ಹುಡುಗನೊಬ್ಬ ಬರೆದಿದ್ದ: "ತೋಟದ ಹತ್ತಿರ ಆನೆ ಇದೆ ಅಂತ ಅಪ್ಪನ ಮೊಬೈಲಿಗೆ ಮೆಸೇಜ್ ಬಂತು. ಅದಕ್ಕೆ ಸ್ಕೂಲಿಗೆ ಲೇಟ್."

ಆಮೇಲೆ ಚಿತ್ರದ ಆಯ್ಕೆ. ದೇಶ ನೋಡಿ ಆರಿಸಬೇಡಿ, ಕೆಲಸ ನೋಡಿ ಆರಿಸಿ. ಶಾಲೆಗೆ ನಡೆಯುವುದು, ಊಟ, ತಮ್ಮನನ್ನು ಎತ್ತಿಕೊಳ್ಳುವುದು, ಚುನಾವಣೆಗೆ ನಿಲ್ಲುವುದು. ಒಂದೇ ಕೆಲಸ ಎರಡು ಊರಿನಲ್ಲಿ ಹೇಗೆ ಕಾಣಿಸುತ್ತದೆ ಎಂದು ನೋಡಿದರೆ ಮಾತು ಗಟ್ಟಿಯಾಗುತ್ತದೆ. ಬಡ ದೇಶ, ಶ್ರೀಮಂತ ದೇಶ ಎಂದು ಜೋಡಿ ಮಾಡಿದರೆ ಉತ್ತರ ಮೊದಲೇ ಬರೆದಿಟ್ಟ ಹಾಗೆ.

ನಾವು ಶುರು ಮಾಡಿದ್ದು 2013ರ ಫ್ರೆಂಚ್ ಚಿತ್ರ 'ಆನ್ ದ ವೇ ಟು ಸ್ಕೂಲ್'ನಿಂದ. ಕೀನ್ಯಾದ ಹುಡುಗ ತಂಗಿಯ ಕೈ ಹಿಡಿದು, ಆನೆಗಳಿರುವ ಬಯಲು ದಾಟಿ 15 ಕಿಲೋಮೀಟರ್ ಹೋಗುತ್ತಾನೆ. ಮೊರಾಕೊದ ಹುಡುಗಿ ಅಟ್ಲಾಸ್ ಬೆಟ್ಟ ಇಳಿಯುತ್ತಾಳೆ. ಅರ್ಜೆಂಟೀನಾದ ಹುಡುಗ ತಂಗಿಯನ್ನು ಕೂರಿಸಿಕೊಂಡು ಕುದುರೆ ಮೇಲೆ ಬರುತ್ತಾನೆ. ತಮಿಳುನಾಡಿನ ಹುಡುಗನ ಹಳೇ ಗಾಲಿಕುರ್ಚಿಯನ್ನು ಇಬ್ಬರು ತಮ್ಮಂದಿರು ತಳ್ಳುತ್ತಾರೆ. ಮೊದಲ ಸಲ ಸುಮ್ನೆ ನೋಡಿ, ಎಲ್ಲೂ ನಿಲ್ಲಿಸಬೇಡಿ. ಎರಡನೇ ಸಲ ಹತ್ತು ನಿಮಿಷ ಮಾತ್ರ ತೆಗೆದುಕೊಂಡು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಮಗು ಮಾತಾಡಿದ್ದು ಎಷ್ಟು ಸೆಕೆಂಡು? ದೊಡ್ಡವರು ಎಷ್ಟು? ಬರೀ ಸಂಗೀತ ಎಷ್ಟು? ಮೂರನೇ ಸಲ ಅದೇ ಹತ್ತು ನಿಮಿಷವನ್ನು ಸದ್ದು ತೆಗೆದು ನೋಡಿ. ಸಂಗೀತ ಹೋದ ಕೂಡಲೇ ಭಯ ಅನ್ನಿಸಿದ್ದು ಬರೀ ನಡಿಗೆಯಾಗುತ್ತದಾ ಎಂದು ಗಮನಿಸಿ.

ಇನ್ನೊಂದು ಪ್ರಶ್ನೆ: ಕ್ಯಾಮೆರಾ ಎಲ್ಲಿದೆ? ಮಗು ಓಡಿ ಬರುವಾಗ ಅದು ಎದುರಿಗೆ ಇದ್ದರೆ, ಯಾರೋ ಮೊದಲೇ ಅಲ್ಲಿಗೆ ಹೋಗಿ ನಿಂತಿದ್ದಾರೆ. ಅಂದರೆ ಆ ಮಗು ಒಂಟಿಯಲ್ಲ. ಇದನ್ನು ಹೇಳಿದಾಗ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾದರು. ಚಿತ್ರ ಸುಳ್ಳು ಎಂದು ಇದರ ಅರ್ಥವಲ್ಲ. ದಾರಿ ನಿಜ, ದೂರ ನಿಜ. ಆದರೆ ಶಾಲೆಗೆ ಹೋಗುವ ದಾರಿಯನ್ನೇ ಇಡೀ ಬಾಲ್ಯ ಎಂದು ಓದಿಕೊಳ್ಳಬಾರದು. ಸಂಜೆ ಆ ಹುಡುಗ ಏನು ಆಡಿದ? ಅದು ಅಲ್ಲಿ ಇಲ್ಲ.

ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂದು ಕಲಿಯಲು 2010ರ 'ಬೇಬೀಸ್' ಒಳ್ಳೆಯದು. ನಮೀಬಿಯಾ, ಮಂಗೋಲಿಯಾ, ಟೋಕಿಯೊ, ಸ್ಯಾನ್ ಫ್ರಾನ್ಸಿಸ್ಕೊ, ನಾಲ್ಕು ಕಡೆಯ ನಾಲ್ಕು ಕೂಸುಗಳು. ವಿವರಣೆಯ ದನಿಯೇ ಇಲ್ಲ. ಕ್ಯಾಮೆರಾ ಹೆಚ್ಚಾಗಿ ಕೂಸಿನ ಎತ್ತರದಲ್ಲೇ ಇರುವುದರಿಂದ ದೊಡ್ಡವರು ಅಂಚಿನಲ್ಲಷ್ಟೇ ಬಂದು ಹೋಗುತ್ತಾರೆ. ಮಂಗೋಲಿಯಾದ ಕೂಸಿನ ಹಾಸಿಗೆ ಮೇಲೆ ಹುಂಜ ಓಡಾಡುತ್ತದೆ, ಸ್ನಾನದ ನೀರಿಗೆ ಆಡು ಬಾಯಿ ಹಾಕುತ್ತದೆ. ಪೇಟೆಯವರಿಗೆ ಅದು ಆಶ್ಚರ್ಯ ಇರಬಹುದು. ನಮ್ಮ ಮಕ್ಕಳು "ನಮ್ಮಜ್ಜಿ ಮನೇಲೂ ಹೀಗೇ" ಎಂದರು. ನೋಡುವವರು ಎಲ್ಲಿ ಕೂತಿದ್ದಾರೆ ಎಂಬುದನ್ನೂ ಬರೆದುಕೊಳ್ಳಬೇಕು ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ನಮಗೆ ಜಾಸ್ತಿ ಕಲಿಸಿದ್ದು 2007ರ 'ಪ್ಲೀಸ್ ವೋಟ್ ಫಾರ್ ಮಿ'. ಚೀನಾದ ವುಹಾನ್‌ನಲ್ಲಿ ಮೂರನೇ ಕ್ಲಾಸಿನವರು ಲೀಡರ್ ಆರಿಸಲು ವೋಟು ಹಾಕುತ್ತಾರೆ. ಇಬ್ಬರು ಹುಡುಗರು, ಒಬ್ಬ ಹುಡುಗಿ. ಮಕ್ಕಳಿಗಿಂತ ಜಾಸ್ತಿ ಒದ್ದಾಡುವುದು ಅಪ್ಪ ಅಮ್ಮ. ಭಾಷಣ ಬಾಯಿಪಾಠ ಮಾಡಿಸುತ್ತಾರೆ. ಒಂದು ಮನೆಯವರಂತೂ ಇಡೀ ಕ್ಲಾಸಿಗೆ ರೈಲು ಹತ್ತಿಸುವ ಏರ್ಪಾಟು ಮಾಡುತ್ತಾರೆ. ಅದೇ ತಿಂಗಳು ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆ ಆಗಿತ್ತು. "ಅವರ ಅಪ್ಪ ಅಮ್ಮ ತುಂಬಾ ಜೋರು, ನಮ್ಮವರಿಗೆ ಯಾರು ನಿಂತಿದ್ದಾರೆ ಅಂತಾನೇ ಗೊತ್ತಿಲ್ಲ" ಎಂದು ಮಕ್ಕಳು ಬರೆದರು. ನಾನು ಕಾಗದ ವಾಪಸ್ ಕೊಟ್ಟು ಎರಡು ಸಾಲು ಸೇರಿಸಿ ಎಂದೆ. ಒಂದು, ಆ ಚಿತ್ರದಲ್ಲಿ ಕ್ಯಾಮೆರಾ ಮನೆಯೊಳಗೆ ಹೋಗಿದೆ. ನಮ್ಮ ಚುನಾವಣೆಯಲ್ಲಿ ಯಾರ ಮನೆಗೂ ಯಾರೂ ಹೋಗಿಲ್ಲ. ಎರಡು, ಆಗ ಚೀನಾದ ಪಟ್ಟಣಗಳಲ್ಲಿ ಮನೆಗೆ ಒಂದೇ ಮಗು ಎಂಬ ಕಾನೂನಿತ್ತು. ಒಂದೇ ಮಗುವಿನ ಮೇಲೆ ಇಡೀ ಮನೆಯ ಆಸೆ. ನಾವು ಸಂಸ್ಕೃತಿ ಅಂದುಕೊಂಡಿದ್ದರಲ್ಲಿ ಅರ್ಧ ಕಾನೂನು, ಉಳಿದರ್ಧ ಕ್ಯಾಮೆರಾ ಇಟ್ಟ ಜಾಗ. ಹೋಲಿಸುವಾಗ ಸಂಸ್ಕೃತಿ, ಕಾನೂನು, ಕ್ಯಾಮೆರಾ ಇಟ್ಟ ಜಾಗ, ಈ ಮೂರನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಯಾರನ್ನು ಆರಿಸಿದರು ಎಂಬುದನ್ನೂ ಎಣಿಸಿ. 1964ರಲ್ಲಿ ಬ್ರಿಟನ್ನಿನ ಗ್ರಾನಡಾ ಟಿವಿ 'ಸೆವೆನ್ ಅಪ್' ಮಾಡಿತು. 2000ನೇ ಇಸವಿಯ ಇಂಗ್ಲೆಂಡ್ ಹೇಗಿರಬಹುದು ಎಂದು ನೋಡಲು ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿದರು. ಅದರಲ್ಲಿ ಹುಡುಗಿಯರು ನಾಲ್ಕೇ. ಏಳು ವರ್ಷಕ್ಕೊಮ್ಮೆ ಹೋಗಿ ಮಾತಾಡಿಸುತ್ತಾ 2019ರವರೆಗೆ ಬಂದರು. ಮುಂದಿನ ಕಂತುಗಳನ್ನು ಮಾಡಿದ ಮೈಕೆಲ್ ಆಪ್ಟೆಡ್, ಹುಡುಗಿಯರು ಕಡಿಮೆಯಾದ ಬಗ್ಗೆ ಬೇಸರ ಹೇಳಿಕೊಂಡಿದ್ದಾರೆ. ಇದರ ಪಕ್ಕದಲ್ಲಿ ನಮ್ಮ ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್ನಿನ 1967ರ 'ಐ ಆಮ್ ಟ್ವೆಂಟಿ' ಇಟ್ಟು ನೋಡಿ. ಎಸ್.ಎನ್.ಎಸ್. ಶಾಸ್ತ್ರಿ ಮಾಡಿದ್ದು. 1947ರಲ್ಲಿ ಹುಟ್ಟಿ ಇಪ್ಪತ್ತಕ್ಕೆ ಬಂದವರು ದೇಶದ ಬಗ್ಗೆ, ತಮ್ಮ ಬಗ್ಗೆ ಮಾತಾಡುತ್ತಾರೆ. ಅಲ್ಲಿ ಮಗುವಿನ ಹಿಂದೆ ಕಾಣುವುದು ಬಡವ, ಶ್ರೀಮಂತ ಎಂಬ ವರ್ಗ, ಇಲ್ಲಿ ಯುವಕರ ಹಿಂದೆ ಕಾಣುವುದು ಸ್ವಾತಂತ್ರ್ಯ. ಕೇಳಿದ ಪ್ರಶ್ನೆಗಳನ್ನೇ ಪಟ್ಟಿ ಮಾಡಿ. ಉತ್ತರಕ್ಕಿಂತ ಪ್ರಶ್ನೆಯಲ್ಲೇ ದೇಶ ಚೆನ್ನಾಗಿ ಕಾಣುತ್ತದೆ.

ಕೊನೆಗೆ ಬರೆಯುವುದು. ಇಲ್ಲಿ ನನ್ನದು ಒಂದೇ ನಿಯಮ. "ಕೀನ್ಯಾದ ಮಕ್ಕಳು" ಎಂದು ವಾಕ್ಯ ಶುರು ಮಾಡಬಾರದು. "ಈ ಚಿತ್ರದ ಈ ಹುಡುಗ, ಆ ದಾರಿಯಲ್ಲಿ" ಎಂದೇ ಶುರು ಮಾಡಬೇಕು. ಆಮೇಲೆ ತಮ್ಮ ನಿನ್ನೆಯ ಅರ್ಧ ಪುಟದಿಂದ ಒಂದು ಸಾಲು ತೆಗೆದು ಅದರ ಪಕ್ಕ ಇಡಬೇಕು. ಲೇಟಾಗಿ ಬಂದಿದ್ದ ಆ ಹುಡುಗ ಬರೆದದ್ದು ಇಷ್ಟೇ: "ಈ ಚಿತ್ರದ ಹುಡುಗ ಆನೆ ಕಂಡು ತಂಗಿಯನ್ನು ಎಳೆದುಕೊಂಡು ಓಡಿದ. ನಾನೂ ಹೋದ ವರ್ಷ ಓಡಿದ್ದೆ. ನನ್ನ ಜೊತೆ ಅಪ್ಪ ಇದ್ದರು. ಅವನ ಅಪ್ಪ ಎಲ್ಲಿದ್ದರು ಅಂತ ಚಿತ್ರದಲ್ಲಿ ಇನ್ನೊಂದು ಸಲ ನೋಡಬೇಕು."