ಒಂದು ಪೀರಿಯಡ್ಡಿನ ನಾಟಕ: ಶಿಕ್ಷಕರ ತರಬೇತಿ ನಾವು ನಡೆಸುವ ರೀತಿ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಶಿಕ್ಷಕರಿಗೆ ರಂಗಭೂಮಿ ಹೊಸದಲ್ಲ. ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ರಂಗಸಂಸ್ಥೆ ಇದೆ, ಊರೂರಲ್ಲಿ ಯಕ್ಷಗಾನವಿದೆ. ಹೀಗಾಗಿಯೇ ನಾಟಕ ಎಂದ ಕೂಡಲೇ ಅವರ ಕಣ್ಣೆದುರು ಬರುವುದು ವೇದಿಕೆ, ವೇಷ, ವಾರ್ಷಿಕೋತ್ಸವ. ತರಗತಿಗೆ ಬೇಕಾದದ್ದು ಬೇರೆ: ನಲವತ್ತು ನಿಮಿಷದೊಳಗೆ, ನೋಡುವವರೇ ಇಲ್ಲದೆ, ಎಲ್ಲ ಮಕ್ಕಳೂ ಮಾಡುತ್ತಾ ಪಾಠ ಕಲಿಯುವುದು. ಬರೀ ಆಟಗಳನ್ನು ಆಡಿಸಿ ಕಳಿಸಿದರೆ ಶಿಕ್ಷಕರು ಖುಷಿಯಾಗಿ ಹೋಗುತ್ತಾರೆ, ಆದರೆ ಸೋಮವಾರ ಅದನ್ನು ಯಾವ ಪಾಠಕ್ಕೆ ಜೋಡಿಸಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ಇಡೀ ಬೆಳಿಗ್ಗೆಯನ್ನು ಒಂದೇ ಪಾಠಕ್ಕೆ ಕೊಡುತ್ತೇವೆ.

ಒಂದು ತಂಡಕ್ಕೆ 24 ಜನ, ಆರಾರು ಮಂದಿಯ ನಾಲ್ಕು ಗುಂಪು. ಬೆಂಚುಗಳನ್ನು ಗೋಡೆಗೆ ಸರಿಸಿದ ಮಾಮೂಲಿ ತರಗತಿಯೇ ಸಾಕು. ಸಭಾಭವನ ಬೇಡ, ಅಲ್ಲಿ ಕಲಿತದ್ದು ತರಗತಿಯ ಇಕ್ಕಟ್ಟಿನಲ್ಲಿ ನಡೆಯುವುದಿಲ್ಲ. ಎಲ್ಲರೂ ಇದ್ದಲ್ಲೇ ಸ್ತಬ್ಧರಾಗಲು ಒಂದು ಸೂಚನೆ ಬೇಕು. ನಾವು ಜಾಗಟೆಯ ಒಂದೇ ಪೆಟ್ಟು ಬಳಸುತ್ತೇವೆ. ಜುಲೈ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಚಪ್ಪಾಳೆ, ಸೀಟಿ ಎರಡೂ ಕೇಳಿಸವು. ಆ ತಿಂಗಳುಗಳಲ್ಲಿ ಮಾತಿಗಿಂತ ಸ್ತಬ್ಧಚಿತ್ರಕ್ಕೆ, ಅಂದರೆ ಅಲ್ಲಾಡದೆ ನಿಂತು ದೃಶ್ಯ ತೋರಿಸುವುದಕ್ಕೆ, ಹೆಚ್ಚು ಹೊತ್ತು ಕೊಡುವುದು ಒಳ್ಳೆಯದು.

ಪಾಠಕ್ಕೆ ಆರಿಸಿಕೊಳ್ಳುವುದು ಸಾಗರ ತಾಲ್ಲೂಕಿನ ಗೇಣಿ ರೈತರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ. ಜಮೀನಿನ ಒಡೆಯರಿಗೆ ಕೊಡಬೇಕಾದ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ಬೇಕಾದ ಸಾಮಾನು: 1 ಲೀಟರ್ ಹಿಡಿಯುವ ಒಂದು ಡಬ್ಬಿ, ಒಂದೂಕಾಲು ಲೀಟರಿನದು ಇನ್ನೊಂದು, ಅರ್ಧ ಚೀಲ ಭತ್ತ, ಒಂದು ಶಾಲು. ಒಬ್ಬರು ಚಿಕ್ಕ ಡಬ್ಬಿಯಲ್ಲಿ, ಇನ್ನೊಬ್ಬರು ದೊಡ್ಡದರಲ್ಲಿ ಗಟ್ಟಿಯಾಗಿ ಎಣಿಸುತ್ತಾ ಇಪ್ಪತ್ತಿಪ್ಪತ್ತು ಅಳೆಯುತ್ತಾರೆ. ಎಣಿಕೆ ಒಂದೇ, ರಾಶಿ ಬೇರೆ: 20 ಲೀಟರ್, 25 ಲೀಟರ್. ಡಬ್ಬಿಗಳ ಅಳತೆ ತರಗತಿಗಾಗಿ ಮಾಡಿಕೊಂಡದ್ದು, ಅಂದಿನ ಕೊಳಗದ್ದಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಬೇಕು.

ಅಳತೆಗೆ ಎಂಟು ನಿಮಿಷ. ಆಮೇಲೆ ಪ್ರತಿ ಗುಂಪೂ ಎಂಟು ನಿಮಿಷದಲ್ಲಿ ಒಂದು ಸ್ತಬ್ಧಚಿತ್ರ ಕಟ್ಟುತ್ತದೆ: ಕಣದಲ್ಲಿ ಅಳತೆ, ಗೇಣಿದಾರನ ಮನೆಯ ಒಳಗೆ, ಒಡೆಯರ ಜಗಲಿ, ಸತ್ಯಾಗ್ರಹಕ್ಕೆ ಹೊರಟ ಗುಂಪು. ನಾವು ಒಬ್ಬೊಬ್ಬರ ಹೆಗಲು ಮುಟ್ಟಿದಾಗ ಆ ಪಾತ್ರ ಒಂದೇ ವಾಕ್ಯ ಹೇಳಬೇಕು. ನಂತರ ಶಿಕ್ಷಕರೇ ಶಾಲು ಹೊದ್ದು ಒಡೆಯರ ಲೆಕ್ಕ ಬರೆಯುವ ಶಾನುಭೋಗರಾಗಿ ಕೂರುತ್ತಾರೆ, ಉಳಿದವರು ಹತ್ತು ನಿಮಿಷ ಪ್ರಶ್ನೆ ಕೇಳುತ್ತಾರೆ. ದನಿ ಬದಲಿಸಿ ಅಭಿನಯಿಸಲು ಹೋದರೆ ಮಕ್ಕಳು ನಗುತ್ತಾರೆ, ಪ್ರಶ್ನೆ ನಿಲ್ಲುತ್ತದೆ. ಶಾಲು ಹೆಗಲ ಮೇಲಿದ್ದಷ್ಟು ಹೊತ್ತು ಶಾನುಭೋಗ, ತೆಗೆದರೆ ಮೇಷ್ಟ್ರು, ಅಷ್ಟೇ ಸಾಕು. ಉಳಿಯುವ 14 ನಿಮಿಷ ಚರ್ಚೆಗೆ ಮತ್ತು ಬರವಣಿಗೆಗೆ. ಎಚ್. ಗಣಪತಿಯಪ್ಪನವರ ಮುಂದಾಳತ್ವ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಇವೆಲ್ಲ ಈಗ ಬರಬೇಕು. ಮೊದಲೇ ಹೇಳಿಬಿಟ್ಟರೆ ಮಕ್ಕಳು ಹೆಸರು ಒಪ್ಪಿಸುತ್ತಾರೆ, ಯೋಚಿಸುವುದಿಲ್ಲ.

ಹೆಚ್ಚು ಕೆಡುವುದು ಎರಡು ಕಡೆ. ಒಂದು, ಶಿಕ್ಷಕರು ಕೂತು ಸಂಭಾಷಣೆ ಬರೆಯತೊಡಗುತ್ತಾರೆ. ಬರೆದರೆ ಬಾಯಿಪಾಠ, ಬಾಯಿಪಾಠವಾದರೆ ಚುರುಕಿನ ನಾಲ್ಕು ಮಕ್ಕಳಿಗೆ ಪಾತ್ರ, ಉಳಿದವರು ಪ್ರೇಕ್ಷಕರು. ಈ ಹಂತದಲ್ಲಿ ಕಾಗದ ಪೆನ್ನು ಕೊಡುವುದೇ ಇಲ್ಲ. ಎರಡನೆಯದು ಸೂಕ್ಷ್ಮ, ಇದರಲ್ಲಿ ಎಚ್ಚರ ತಪ್ಪಲೇಬಾರದು. ಒಡೆಯರ ಮತ್ತು ಗೇಣಿದಾರರ ಮನೆತನದ ಮಕ್ಕಳು ಇವತ್ತೂ ಒಂದೇ ಬೆಂಚಿನಲ್ಲಿರಬಹುದು. ಆದ್ದರಿಂದ ಪಾತ್ರಗಳಿಗೆ ಊರಿನ ಮನೆಗಳ ಹೆಸರು, ಜಾತಿಯ ಹೆಸರು ಇಡಬಾರದು. ಚೀಟಿ ಎತ್ತಿಸಿ ಪಾತ್ರ ಹಂಚಬೇಕು. ಐದು ನಿಮಿಷಕ್ಕೆ ಕಡೆ ಬದಲಿಸಿ, ಅತ್ತಲಿನವರು ಇತ್ತ ನಿಂತು ಮಾತಾಡಬೇಕು. ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ನಿಜ ಹೆಸರು ಹೇಳಿ ಪಾತ್ರ ಕಳಚಿಡಬೇಕು. ಇದನ್ನು ಬಿಟ್ಟರೆ ತರಗತಿಯ ಬೈಗುಳ ಆಟದ ಬಯಲಿಗೆ ಹೋಗುತ್ತದೆ.

ಕನ್ನಡ ಶಿಕ್ಷಕರಿಗೆ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಯ, ಒಂದು ಗಂಟೆ ಬೇರೆ. ಶಿವಮೊಗ್ಗದ ಹತ್ತಿರವೇ ಗಮಕದ ಊರು ಹೊಸಹಳ್ಳಿ ಇರುವಾಗ ಆರು ಸಾಲಿನ ಭಾಮಿನಿ ಷಟ್ಪದಿ ಛಂದಸ್ಸನ್ನು ಬರೀ ಪ್ರಸ್ತಾರ ಹಾಕಿ (ಲಘು ಗುರು ಗುರುತು ಬರೆದು) ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ತಾಳ: ತಕಿಟ, ತಕಧಿಮಿ. 1, 2, 4, 5ನೇ ಸಾಲಿನಲ್ಲಿ ಈ ಜೋಡಿ ಎರಡು ಸಲ, 14 ಮಾತ್ರೆ. 3 ಮತ್ತು 6ರಲ್ಲಿ ಮೂರು ಸಲ, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ), 23 ಮಾತ್ರೆ. ಪ್ರತಿ ಮಾತ್ರೆಗೂ ತಟ್ಟಿದರೆ ವೇಗ ಏರುತ್ತಾ ಹೋಗುತ್ತದೆ. ತಕಿಟ ಇರಲಿ, ತಕಧಿಮಿ ಇರಲಿ, ಗಣದ ಮೊದಲ ಮಾತ್ರೆಗೆ ಮಾತ್ರ ಚಪ್ಪಾಳೆ. ಕೊನೆಯ ಗುರುವನ್ನು ನುಂಗಿ ಮುಂದಿನ ಸಾಲಿಗೆ ಓಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಎರಡು ಎಣಿಸುವವರೆಗೆ ಮುಷ್ಟಿ ಹಿಡಿದರೆ ಸರಿಹೋಗುತ್ತದೆ. ಕಿವಿಗೆ ಹಿಡಿಸಿದ ಮೇಲೆ ಹಲಗೆಯ ಮೇಲೆ ಲಘು ಗುರು ಹಾಕಿಸುವುದು ಸಲೀಸು.

ಮಧ್ಯಾಹ್ನ ಪ್ರತಿ ಗುಂಪು ತನ್ನದೇ ವಿಷಯದ ಪಾಠವೊಂದನ್ನು ಆರಿಸಿ, ಅದರ ಹದಿನೈದು ನಿಮಿಷದ ತುಣುಕನ್ನು ಉಳಿದವರ ಮೇಲೆ ಪ್ರಯೋಗಿಸುತ್ತದೆ. ನಾವು ಕೇಳುವುದು ಮೂರೇ: ಮಕ್ಕಳು ಏನು ಮಾಡಿದರು, ಅದರಿಂದ ಪಾಠದ ಯಾವ ಅಂಶ ಬಂತು, ಯಾರು ಸುಮ್ಮನೆ ಕೂತಿದ್ದರು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಫೋಟೋ ತರುವುದು ಬೇಡ. ಆ ಪಾಠ ಮಾಡಿದ ಮೇಲೆ ಮಕ್ಕಳು ಬರೆದ ಐದು ಹಾಳೆ ತನ್ನಿ, ಅದರಲ್ಲಿ ಎರಡು ಹಿಂದಿನ ಬೆಂಚಿನ ಮಕ್ಕಳದ್ದಾಗಿರಲಿ ಎಂದು ಹೇಳಿ ಕಳಿಸುತ್ತೇವೆ.