ಲಿವರ್‌ಪೂಲ್‌ನಲ್ಲಿ ಓದಿದ್ದು, ಮಲಾವಿಯಲ್ಲಿ ನೆನಪಾಗಿದ್ದು

ನಾನು ಹಾಸನದ ಕಡೆಯವಳು, ಇಂಗ್ಲೆಂಡಿನಲ್ಲಿ ನರ್ಸ್. ನವಜಾತ ಶಿಶುಗಳ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ ಮೇಲೆ, ಒಂದು ವರ್ಷ ಆಫ್ರಿಕಾದಲ್ಲಿ ವಾಲಂಟಿಯರ್ ಆಗಿ ಇದ್ದು ಬರೋಣ ಅನ್ನಿಸಿತು. ಅರ್ಜಿ ಹಾಕಿದ ಸಂಸ್ಥೆಯವರು ಮೊದಲು ಕೇಳಿದ್ದು, ಬಿಸಿ ಪ್ರದೇಶದ ಕಾಯಿಲೆಗಳ ಬಗ್ಗೆ ತರಬೇತಿ ಆಗಿದೆಯಾ ಅಂತ. ಡೆಂಗಿ, ಟೈಫಾಯ್ಡ್ ನೋಡುತ್ತಲೇ ಬೆಳೆದವಳಿಗೆ ಈ ಪ್ರಶ್ನೆ! ಆದರೂ ಸರ್ಟಿಫಿಕೇಟ್ ಬೇಕಲ್ವಾ?

ಹಾಗಾಗಿ ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ನರ್ಸ್‌ಗಳ ಡಿಪ್ಲೊಮಾ ಸೇರಿದೆ. 1898ರಲ್ಲಿ ಶುರುವಾದ ಸಂಸ್ಥೆ ಅದು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅಲ್ಲಿ ಪಾಠ ಮಾಡಿದ್ದರು. ಅದಕ್ಕೂ ಮೊದಲು, 1883ರಲ್ಲಿ, ಅವರು ಬೆಂಗಳೂರಿನಲ್ಲಿದ್ದರು. ಮನೆಯ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು, ನೀರು ಚೆಲ್ಲಿಸಿ ಕಾಟ ತಪ್ಪಿಸಿಕೊಂಡರಂತೆ. ಅದನ್ನು ಓದಿ, ಪರದೇಶದಲ್ಲಿ ಊರ ಕಡೆಯವರು ಸಿಕ್ಕಷ್ಟು ಖುಷಿಯಾಯಿತು.

ನನಗೆ ತುಂಬಾ ಇಷ್ಟವಾಗಿದ್ದು ಲ್ಯಾಬ್. ಗಾಜಿನ ಮೇಲೆ ರಕ್ತದ ಹನಿ ಹಾಕಿ, ದಪ್ಪ ಪದರ ಒಂದು, ತೆಳು ಪದರ ಒಂದು ಮಾಡಿ, ಗಿಮ್ಸಾ ಬಣ್ಣ ಹಚ್ಚಿ ನೋಡಬೇಕು. ಮಲೇರಿಯಾ ಇದೆಯೋ ಇಲ್ಲವೋ ಅನ್ನುವುದು ದಪ್ಪ ಪದರದಲ್ಲಿ ಗೊತ್ತಾಗುತ್ತದೆ. ಯಾವ ಜಾತಿಯದು ಅಂತ ತೆಳು ಪದರ ಹೇಳುತ್ತದೆ. ಮೊದಲ ದಿನ ನನಗೆ ಕಂಡಿದ್ದೆಲ್ಲ ಬರೀ ಬಣ್ಣದ ಚುಕ್ಕೆ.

ಆಮೇಲೆ ಕಾಗದಪತ್ರದ ಓಡಾಟ. ಎರಡೂ ದೇಶದ ಪೊಲೀಸ್ ಕ್ಲಿಯರೆನ್ಸ್, ನರ್ಸಿಂಗ್ ನೋಂದಣಿ, ಮೆಡಿಕಲ್ ಚೆಕಪ್. ರೇಬೀಸ್ ಲಸಿಕೆಯ ಮೂರು ಡೋಸಿಗೇ ಮೂರು ವಾರ ಹಿಡಿಯಿತು. ಹೊರಡುವವರು ಅದನ್ನು ಮೊದಲೇ ಶುರು ಮಾಡಿ, ಕೊನೇ ಗಳಿಗೆಗೆ ಇಟ್ಟುಕೊಂಡು ನಾನು ಪಟ್ಟ ಪಾಡು ಬೇಡ.

ನನ್ನನ್ನು ಕಳಿಸಿದ್ದು ಮಲಾವಿಯ ದಕ್ಷಿಣ ಭಾಗದ ಒಂದು ಜಿಲ್ಲಾ ಆಸ್ಪತ್ರೆಗೆ. ಭಾರತೀಯರನ್ನು ಅಲ್ಲಿ ಅಮ್ವೆನ್ಯೆ ಅನ್ನುತ್ತಾರೆ. ಅವರು ಕಂಡ ಭಾರತೀಯರಲ್ಲಿ ವ್ಯಾಪಾರಿಗಳೇ ಜಾಸ್ತಿ. ಹಾಗಾಗಿ ನಿಮ್ಮದು ಯಾವ ಅಂಗಡಿ ಅಂತ ನನ್ನನ್ನು ಕೇಳಿದವರೂ ಉಂಟು. ಊಟಕ್ಕೆ ನ್ಸಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಬಸ್ಸಾರು ಒಂದಿದ್ದರೆ ಸಾಕಿತ್ತು.

ನಾನು ಎಡವಿದ್ದು ಮೊದಲನೇ ವಾರವೇ. ಅಲ್ಲಿ ರೋಗಿಯ ಜೊತೆ ಮನೆಯವರು ಯಾರಾದರೂ ಬಂದೇ ಬರುತ್ತಾರೆ. ಅವರನ್ನು ಗಾರ್ಡಿಯನ್ ಅನ್ನುತ್ತಾರೆ. ಅಡುಗೆ ಮಾಡುವುದು, ಬಟ್ಟೆ ಒಗೆಯುವುದು ಎಲ್ಲ ಅವರದ್ದೇ. ನಮ್ಮ ವಾರ್ಡಿನಲ್ಲಿ ಹೆಚ್ಚಾಗಿ ಅಜ್ಜಿಯರು. ಇಂಗ್ಲೆಂಡಿನ ಅಭ್ಯಾಸ ನೋಡಿ, ರೌಂಡ್ಸ್ ಹೊತ್ತಿಗೆ ಎಲ್ಲರನ್ನೂ ಆಚೆ ಕಳಿಸಿದೆ. ವಾರ್ಡ್ ಅಚ್ಚುಕಟ್ಟಾಯಿತು ಅಂದುಕೊಂಡೆ. ಯಾವ ಮಗು ರಾತ್ರಿ ಹಾಲು ಕುಡಿಯಿತು, ಯಾವುದು ಕುಡಿಯಲಿಲ್ಲ ಅಂತ ಕೇಳಿದರೆ ಉತ್ತರ ಹೇಳುವವರೇ ಇಲ್ಲ! ಹೆರಿಗೆ ಆಗಿ ಸುಸ್ತಾದ ತಾಯಂದಿರಿಗೆ ನೆನಪಿಲ್ಲ. ರಾತ್ರಿ ಡ್ಯೂಟಿಯಲ್ಲಿ ಇದ್ದದ್ದು ಒಬ್ಬರೇ ನರ್ಸ್. ಲೆಕ್ಕವೆಲ್ಲ ಇದ್ದದ್ದು ಆಚೆ ಜಗಲಿಯಲ್ಲಿ ಕೂತ ಅಜ್ಜಿಯರ ಹತ್ತಿರ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನಗುತ್ತಾ, "ನಿಮ್ಮ ದೇಶದಲ್ಲಿ ಅಜ್ಜಿಯರು ಇಲ್ವಾ?" ಅಂತ ಕೇಳಿದರು.

ನನಗೆ ನಾಚಿಕೆಯಾಯಿತು. ನನ್ನ ತಂಗಿ ಹುಟ್ಟಿದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದು ನಮ್ಮಜ್ಜಿಯೇ. ಫ್ಲಾಸ್ಕ್, ಟಿಫನ್ ಕ್ಯಾರಿಯರ್, ಸಿಸ್ಟರ್ ಕೈಲಿ ಬೈಗುಳ, ಎಲ್ಲ ಕಣ್ಣಾರೆ ಕಂಡವಳು ನಾನು.

ದಿನ ತುಂಬದೆ ಹುಟ್ಟಿದ ಮಕ್ಕಳ ವಿಷಯದಲ್ಲೂ ಹಾಗೇ ಆಯಿತು. ಮಗುವನ್ನು ಎದೆಗೆ ಒತ್ತಿ, ಚರ್ಮಕ್ಕೆ ಚರ್ಮ ತಾಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಶುರುವಾಗಿದ್ದು. ಇಂಗ್ಲೆಂಡಿನಲ್ಲಿ ನಾನು ಅದನ್ನು ಕುರ್ಚಿ ಹಾಕಿ, ಪರದೆ ಎಳೆದು, ದಿನಕ್ಕೆ ಗಂಟೆ ಎರಡು ಗಂಟೆ ಮಾಡಿಸುತ್ತಿದ್ದೆ. ಇಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ನಾನು ಟಾರ್ಚ್ ಹುಡುಕುವಷ್ಟರಲ್ಲಿ ಒಬ್ಬ ಅಜ್ಜಿ ಸೊಂಟದ ಚಿತೆಂಜೆ ಬಟ್ಟೆ ಬಿಚ್ಚಿ, ಮಗುವನ್ನು ತಾಯಿಯ ಎದೆಗೆ ಬಿಗಿದು ಗಂಟು ಹಾಕಿಬಿಟ್ಟಿದ್ದರು.

ಮಾರನೇ ದಿನದಿಂದ ರೌಂಡ್ಸ್ ಶುರುವಾಗುತ್ತಿದ್ದದ್ದು ಅಜ್ಜಿಯರಿಂದ. "ಮುಲಿ ಬ್ವಾಂಜಿ" ಅಂತ ಕ್ಷೇಮ ಕೇಳಿ, ಆಮೇಲೆ ಹಾಲಿನ ಲೆಕ್ಕ. ನಾನು ಆಡುವ ಅಲ್ಲಿನ ಚಿಚೆವಾ ಭಾಷೆ ಕೇಳಿ ಅವರು ಮೊದಲು ಚೆನ್ನಾಗಿ ನಗುತ್ತಿದ್ದರು. ನಗು ಮುಗಿದ ಮೇಲೆ, ಒಂದು ಚಮಚವೂ ತಪ್ಪದ ಹಾಗೆ ಲೆಕ್ಕ ಒಪ್ಪಿಸುತ್ತಿದ್ದರು.