ಹಳೇ ಪಿಕಪ್‌ಗೆ ಆಲ್ಟರ್ನೇಟರ್: ಆಂಪಿಯರ್‌ಗಿಂತ ಮೊದಲು ನೋಡಬೇಕಾದ್ದು

ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ದೀಪ ಹತ್ತಿದರೆ ಸಾಕು, ಬಹಳ ಜನ ನೇರವಾಗಿ ಅಂಗಡಿಗೆ ಹೋಗಿ 'ಜಾಸ್ತಿ ಆಂಪಿಯರ್ ಇರೋ ಆಲ್ಟರ್ನೇಟರ್ ಕೊಡಿ' ಅನ್ನುತ್ತಾರೆ. ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಬೆಲ್ಟ್‌ನಿಂದ ತಿರುಗಿ ಕರೆಂಟ್ ಉತ್ಪಾದಿಸಿ ಬ್ಯಾಟರಿ ತುಂಬಿಸುವ ಭಾಗ. ತಂದು ಕೂರಿಸಲು ಹೋದರೆ ಬೋಲ್ಟ್ ಹೊಂದುವುದಿಲ್ಲ. ಬೋಲ್ಟ್ ಹೊಂದಿದರೆ ಬೆಲ್ಟ್ ವಾರೆಯಾಗಿ ಓಡುತ್ತದೆ. ಬೆಲ್ಟೂ ಸರಿಯಿದ್ದರೆ ಕಪ್ಲರ್ (ವೈರ್‌ಗಳನ್ನು ಸಿಕ್ಕಿಸುವ ಪ್ಲಗ್) ಬೇರೆ. ಆಮೇಲೆ ವಾಷರ್ ತುರುಕುವುದು, ವೈರ್ ಕತ್ತರಿಸಿ ಟೇಪ್ ಸುತ್ತುವುದು ಶುರು. ಗ್ಯಾರೇಜ್‌ಗಳಲ್ಲಿ ಇದನ್ನು ನೋಡಿ ನೋಡಿ ಬೇಸರವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಹಳೇ ಗಾಡಿಯಲ್ಲಿ ಆಂಪಿಯರ್ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಹೊಂದಿಕೆ ನೋಡಬೇಕು.

1. ಕೆಟ್ಟಿರುವುದು ಅದೇನಾ?

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಅದು ತುಂಬಿದೆ ಎಂದರ್ಥ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬರಬೇಕು. 12ರಲ್ಲೇ ನಿಂತು ನಿಧಾನವಾಗಿ ಇಳಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಹಾಗೇ ಓಡಿಸಿದರೆ ಬ್ಯಾಟರಿ ಕುದಿಯುತ್ತದೆ.

ಚಾರ್ಜ್ ಆಗುತ್ತಿಲ್ಲ ಎಂದಾಕ್ಷಣ ಆಲ್ಟರ್ನೇಟರ್ ಬಿಚ್ಚಬೇಡಿ. ಮೊದಲು ಬೆಲ್ಟ್ ನೋಡಿ. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಆಮೇಲೆ ಎಲ್ಲ ಲೈಟ್ ಹಾಕಿ, ಸ್ವಲ್ಪ ರೇಸ್ ಕೊಟ್ಟು, ಮೀಟರ್‌ನ ಒಂದು ಕಡ್ಡಿಯನ್ನು ಆಲ್ಟರ್ನೇಟರ್‌ನ ಬಿ ಪ್ಲಸ್ ಬೋಲ್ಟ್‌ಗೆ (ಚಾರ್ಜಿಂಗ್ ಕರೆಂಟ್ ಹೊರಬರುವ ಬೋಲ್ಟ್), ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ದೋಷ ಕೇಬಲ್‌ನಲ್ಲೋ ಜಾಯಿಂಟ್‌ನಲ್ಲೋ ಇದೆ. ಆಲ್ಟರ್ನೇಟರ್ ಮೈಗೂ ಬ್ಯಾಟರಿ ಮೈನಸ್‌ಗೂ ನಡುವೆ 0.2 ದಾಟಿದರೆ ಅರ್ಥ್ ಸರಿಯಿಲ್ಲ. ಬಹಳಷ್ಟು ಹಳೇ ಪಿಕಪ್‌ಗಳಲ್ಲಿ ಆಲ್ಟರ್ನೇಟರ್‌ಗೆ ಅರ್ಥ್ ಸಿಗುವುದು ಅದನ್ನು ಎಂಜಿನ್‌ಗೆ ಹಿಡಿದಿಡುವ ಬ್ರ್ಯಾಕೆಟ್ ಮೂಲಕವೇ. ಬ್ರ್ಯಾಕೆಟ್‌ಗೆ ಯಾರೋ ದಪ್ಪ ಪೇಂಟ್ ಬಳಿದಿದ್ದರೆ, ಇಲ್ಲವೇ ತುಕ್ಕು ಹಿಡಿದಿದ್ದರೆ ಎಷ್ಟು ಆಲ್ಟರ್ನೇಟರ್ ಬದಲಿಸಿದರೂ ಫಲ ಅಷ್ಟೇ.

ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಗೆ ಹಿಡಿದಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ, ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿರುತ್ತದೆ.

ಇಲ್ಲಿ ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, 'ಗಾಡಿ ನಿಲ್ಲಲಿಲ್ಲ, ಆಲ್ಟರ್ನೇಟರ್ ಚೆನ್ನಾಗಿದೆ' ಅನ್ನುವ ಹಳೇ ಪರೀಕ್ಷೆಯನ್ನು ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಒಮ್ಮೆಲೇ ಮೇಲೇರಿ ಡಯೋಡ್, ರೆಗ್ಯುಲೇಟರ್, ಇರುವ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ಸುಡಬಹುದು.

2. ರಿಪೇರಿಗೆ ಬರುತ್ತದೆಯಾ?

ಸವೆಯುವುದು ಹೆಚ್ಚಾಗಿ ಕಾರ್ಬನ್ ಬ್ರಷ್, ಬೇರಿಂಗ್, ರೆಗ್ಯುಲೇಟರ್. ಈ ಮೂರೂ ಬದಲಿಸಬಹುದಾದ ವಸ್ತುಗಳು. ಕಾಯಿಲ್ ಕಪ್ಪಗೆ ಸುಟ್ಟಿರದೆ, ಬೇರಿಂಗ್ ಕೂರುವ ಜಾಗ ಸವೆದಿರದೆ ಇದ್ದರೆ ಮೂಲ ಆಲ್ಟರ್ನೇಟರನ್ನೇ ಒಳ್ಳೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ ಸರಿ ಮಾಡಿಸಿ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಹೊಸದಕ್ಕಿಂತ ಅದೇ ಮೇಲು. ಹೊಂದಿಕೆಯ ತಲೆನೋವೂ ಇರುವುದಿಲ್ಲ.

3. ಹಳೇದನ್ನು ಬಿಚ್ಚಿ, ಹೊಸದರ ಪಕ್ಕ ಇಡಿ

ಜನ ಎಡವುವುದು ಇಲ್ಲೇ. ಗಾಡಿಯ ಹೆಸರು, ವರ್ಷ ಹೇಳಿ ಆಲ್ಟರ್ನೇಟರ್ ತರಬೇಡಿ. ಹಳೇ ಗಾಡಿಯಲ್ಲಿ ಎಂಜಿನ್ ಬದಲಾಗಿರಬಹುದು, ಬ್ರ್ಯಾಕೆಟ್ ಬದಲಾಗಿರಬಹುದು, ಹಿಂದಿನ ಮಾಲೀಕರು ಬೇರೆ ಗಾಡಿಯ ಆಲ್ಟರ್ನೇಟರ್ ಹಾಕಿಸಿರಬಹುದು. ಬ್ಯಾಟರಿಯ ಮೈನಸ್ ಕಳಚಿ, ವೈರ್‌ಗಳ ಫೋಟೋ ತೆಗೆದು, ಹಳೇದನ್ನು ಬಿಚ್ಚಿ ಕೈಯಲ್ಲೇ ತೆಗೆದುಕೊಂಡು ಹೋಗಿ. ಮೈನಸ್ ಕಳಚುವುದನ್ನು ಮರೆಯಬೇಡಿ. ಬಿ ಪ್ಲಸ್ ಕೇಬಲ್‌ನಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇರುತ್ತದೆ.

ಅಂಗಡಿಯ ಟೇಬಲ್ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಕಿವಿಗಳಿಂದ, ಅಂದರೆ ಬೋಲ್ಟ್ ಹಾಕಲು ಹೊರಚಾಚಿದ ಭಾಗಗಳಿಂದ, ಶುರುಮಾಡಿ. ಬ್ರ್ಯಾಕೆಟ್‌ಗೆ ಸೇರುವ ಕಿವಿ ಒಂದಾ ಎರಡಾ, ಎರಡಾದರೆ ನಡುವಿನ ಅಂತರ ಎಷ್ಟು, ಬೋಲ್ಟ್ ತೂತಿನ ಅಗಲ ಎಷ್ಟು ಎಂದು ಅಳೆಯಿರಿ. ತೂತು ದೊಡ್ಡದಾಗಿ ಬೋಲ್ಟ್ ಸಣ್ಣದಾದರೆ ಆಲ್ಟರ್ನೇಟರ್ ಅದುರಿ ಅದುರಿ ಕೊನೆಗೆ ಕಿವಿ ಮುರಿಯುತ್ತದೆ.

ನಂತರ ಮುಂದಿನ ಕಿವಿಯ ಮುಖದಿಂದ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡಿನ ನಡುವಿನವರೆಗೆ ಅಳತೆ ತೆಗೆಯಿರಿ. ಹೆಚ್ಚು ಜನ ಬಿಡುವ ಅಳತೆ ಇದೇ. ಇದರಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೂ ಬೆಲ್ಟ್ ವಾರೆಯಾಗಿ ಎಳೆದು ಕಿರುಗುಟ್ಟುತ್ತದೆ, ಅಂಚು ಹರಿಯುತ್ತದೆ, ಮುಂದಿನ ಬೇರಿಂಗ್ ಬೇಗ ಹೋಗುತ್ತದೆ. ಪುಲ್ಲಿಯ ತೋಡು ವಿ ಬೆಲ್ಟ್‌ನದಾ, ಗೀರುಗಳಿರುವ ಚಪ್ಪಟೆ ಬೆಲ್ಟ್‌ನದಾ ನೋಡಿ. ಗೀರು ಎಷ್ಟಿವೆ ಎಣಿಸಿ. ಪುಲ್ಲಿ ಮಾತ್ರ ಬೇರೆ ಇದ್ದು ಶಾಫ್ಟ್ ಒಂದೇ ಅಳತೆಯದಾಗಿದ್ದರೆ ಹಳೇ ಪುಲ್ಲಿಯನ್ನೇ ಹೊಸದಕ್ಕೆ ಹಾಕಿಸಬಹುದು. ಪುಲ್ಲಿಯ ವ್ಯಾಸ ಮಾತ್ರ ಹಳೇದರಷ್ಟೇ ಇರಲಿ. ದೊಡ್ಡ ಪುಲ್ಲಿ ಹಾಕಿದರೆ ಐಡಲ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಆಲ್ಟರ್ನೇಟರ್ ನಿಧಾನವಾಗಿ ತಿರುಗಿ ಚಾರ್ಜ್ ಇಳಿಯುತ್ತದೆ.

ಇನ್ನು ಹಿಂಭಾಗ. ಕಪ್ಲರ್ ಮತ್ತು ಬಿ ಪ್ಲಸ್ ಬೋಲ್ಟ್ ಯಾವ ದಿಕ್ಕಿಗೆ ಇವೆ? ಒಂದೇ ಮಾದರಿಯ ಆಲ್ಟರ್ನೇಟರ್‌ನಲ್ಲೇ ಹಿಂದಿನ ಕವಚ ಬೇರೆ ಬೇರೆ ಕೋನಕ್ಕೆ ತಿರುಗಿ ಬರುತ್ತದೆ. ತಪ್ಪು ಕೋನದ್ದು ತಂದರೆ ಬಿ ಪ್ಲಸ್ ಬೋಲ್ಟ್ ಎಂಜಿನ್‌ಗೋ ಬ್ರ್ಯಾಕೆಟ್‌ಗೋ ತಾಗುವಷ್ಟು ಹತ್ತಿರ ಬರಬಹುದು. ಅದು ಬೆಂಕಿಗೆ ದಾರಿ. ಕೆಲವು ಮಾದರಿಗಳಲ್ಲಿ ಉದ್ದ ಬೋಲ್ಟ್‌ಗಳನ್ನು ಬಿಚ್ಚಿ ಕವಚ ತಿರುಗಿಸಿ ಸರಿಮಾಡಬಹುದು. ಆದರೆ ಎರಡು ಭಾಗ ಬೇರೆಯಾದರೆ ಬ್ರಷ್ ಹೊರಗೆ ಜಿಗಿಯುತ್ತದೆ, ಹುಷಾರು.

ಕಪ್ಲರ್ ಆಕಾರ ಒಂದೇ ಇದ್ದರೆ ಸಾಲದು, ಒಳಗಿನ ಪಿನ್‌ಗಳ ಕೆಲಸವೂ ಒಂದೇ ಇರಬೇಕು. ಎಲ್ ಅಥವಾ ಡಿ ಪ್ಲಸ್ ಅಂದರೆ ಡ್ಯಾಶ್‌ನ ದೀಪದ ವೈರ್. ಐಜಿ ಅಂದರೆ ಕೀ ಹಾಕಿದಾಗ ಬರುವ ಸಪ್ಲೈ. ಎಸ್ ಅಂದರೆ ಬ್ಯಾಟರಿಯ ವೋಲ್ಟೇಜ್ ಓದುವ ವೈರ್. ಡೀಸೆಲ್ ಗಾಡಿಯಲ್ಲಿ ಡಬ್ಲ್ಯೂ ಇದ್ದರೆ ಆರ್‌ಪಿಎಂ ಮೀಟರ್ ಅದರಿಂದಲೇ ನಡೆಯುವುದು ಸಾಮಾನ್ಯ. ಬಹುತೇಕ ಹಳೇ ಗಾಡಿಗಳಲ್ಲಿ ಆ ಡ್ಯಾಶ್ ದೀಪದ ಮೂಲಕ ಹರಿಯುವ ಸಣ್ಣ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಬಲ್ಬ್ ಸುಟ್ಟಿದ್ದರೆ, ಅಥವಾ ಅಂದಕ್ಕೆಂದು ಅಲ್ಲಿ ಎಲ್‌ಇಡಿ ಹಾಕಿದ್ದರೆ, ಚೆನ್ನಾಗಿರುವ ಆಲ್ಟರ್ನೇಟರ್ ಕೂಡ ಸುಮ್ನೆ ತಿರುಗುತ್ತಿರುತ್ತದೆ.

ತೀರಾ ಹಳೇ ಗಾಡಿಯಾದರೆ ರೆಗ್ಯುಲೇಟರ್ ಎಲ್ಲಿದೆ ಎಂದೂ ನೋಡಬೇಕು. ಫೋರ್ಡ್ 1980ರ ದಶಕದವರೆಗೂ ಅದನ್ನು ಹೊರಗೆ, ಬೇರೆ ಡಬ್ಬಿಯಲ್ಲಿ ಇಡುತ್ತಿತ್ತು. ಒಳಗೇ ರೆಗ್ಯುಲೇಟರ್ ಇರುವುದನ್ನು ಅಂಥ ಗಾಡಿಗೆ ಹಾಕುವುದಾದರೆ ಹೊರಗಿನ ಡಬ್ಬಿಯನ್ನು ಸರ್ಕಿಟ್‌ನಿಂದ ತೆಗೆದು ವೈರಿಂಗ್ ಬದಲಿಸಬೇಕು. ಆ ನಂತರ ಬಂದ ಫೋರ್ಡ್ 2ಜಿ (ಎರಡನೇ ತಲೆಮಾರಿನ) ಮಾದರಿಯಲ್ಲಿ ಚಾರ್ಜಿಂಗ್ ಕರೆಂಟ್ ಪ್ಲಾಸ್ಟಿಕ್ ಕಪ್ಲರ್ ಮೂಲಕವೇ ಹೋಗುತ್ತಿತ್ತು. ಆ ಕಪ್ಲರ್ ಬಿಸಿಯಾಗಿ ಕರಗುವುದು, ಬೆಂಕಿ ಹತ್ತುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ಮಾದರಿಯನ್ನು ಮತ್ತೆ ಹಾಕಲೇಬೇಕಾದರೆ ಕಪ್ಲರ್ ಹೊಸದಿರಲಿ. ನನ್ನ ಸಲಹೆ ಕೇಳಿದರೆ, ದಪ್ಪ ಬೋಲ್ಟ್ ಟರ್ಮಿನಲ್ ಇರುವ 3ಜಿಗೆ ಹೋಗಿ.

ಡೀಸೆಲ್ ಪಿಕಪ್ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ. ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಇರುವುದು ಆಲ್ಟರ್ನೇಟರ್‌ನ ಹಿಂಭಾಗದಲ್ಲಿ. ಅದಕ್ಕೆ ಆಯಿಲ್ ಬರುವ, ಹೋಗುವ ಪೈಪ್‌ಗಳೂ ಇರುತ್ತವೆ. ಪಂಪ್ ಇಲ್ಲದ ಆಲ್ಟರ್ನೇಟರ್ ಕೂರಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತದೆ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ. 'ಪಂಪ್ ಆಮೇಲೆ ನೋಡೋಣ' ಎನ್ನುವ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಬೇಡಿ. ಹಾಗೇ 12 ವೋಲ್ಟಾ 24 ವೋಲ್ಟಾ ಎಂದು ಲೇಬಲ್ ಓದಿ.

4. ಈಗ ಆಂಪಿಯರ್

ಡಬ್ಬಿಯ ಮೇಲಿನ ದೊಡ್ಡ ಅಂಕಿ ಆಲ್ಟರ್ನೇಟರ್ ನಿಮಿಷಕ್ಕೆ ಸುಮಾರು 6000 ಸುತ್ತು ತಿರುಗುವಾಗ ಸಿಗುವ ಕರೆಂಟ್. ಟ್ರಾಫಿಕ್‌ನಲ್ಲಿ ನಿಂತಾಗ ಅದು ಸಿಗುವುದಿಲ್ಲ. ಕೆಲವು ಲೇಬಲ್‌ಗಳಲ್ಲಿ '35/70' ಎಂಬ ರೀತಿ ಎರಡು ಅಂಕಿ ಇರುತ್ತವೆ. ಮೊದಲನೆಯದು 1500 ಸುತ್ತಿನಲ್ಲಿ, ಅಂದರೆ ಹೆಚ್ಚುಕಡಿಮೆ ಐಡಲ್‌ನಲ್ಲಿ ಬರುವುದು. ಎರಡನೆಯದು 6000ದಲ್ಲಿ. ಹಳೇ ಪಿಕಪ್‌ಗೆ ನಾನು ನೋಡುವುದು ಮೊದಲ ಅಂಕಿಯನ್ನೇ. ಬಿಸಿಯಾದ ಮೇಲೆ ಎರಡೂ ಇನ್ನಷ್ಟು ಇಳಿಯುತ್ತವೆ.

ನಿಮ್ಮ ಲೆಕ್ಕ ಕೂಡಿ ನೋಡಿ. 60 ವ್ಯಾಟ್‌ನ ಎರಡು ಹೆಡ್‌ಲೈಟ್‌ಗೆ ಸುಮಾರು 9 ಆಂಪಿಯರ್. ಹಿಂದಿನ ದೀಪ, ಡ್ಯಾಶ್ ದೀಪ ಸೇರಿ 3. ವೈಪರ್ 5, ಬ್ಲೋವರ್ ಜೋರಾಗಿಟ್ಟರೆ 12, ಪೆಟ್ರೋಲ್ ಗಾಡಿಯ ಇಗ್ನಿಷನ್ ಮತ್ತು ಪಂಪ್ ಸೇರಿ 10. ಮಳೆಯ ರಾತ್ರಿ ಒಟ್ಟು 39 ಆಂಪಿಯರ್ ಹತ್ತಿರ ಆಯಿತು, ಅಲ್ವಾ? ಜೊತೆಗೆ ಬ್ಯಾಟರಿ ತುಂಬಲು 10 ಸೇರಿಸಿ. ಇಂಥ ಗಾಡಿಗೆ 70ರಿಂದ 90 ಆಂಪಿಯರ್‌ನದು ಧಾರಾಳ. 150 ಯಾಕೆ ಬೇಕು?

ದೊಡ್ಡದು ಹಾಕುವುದರಿಂದ ಬ್ಯಾಟರಿಗೆ ತೊಂದರೆಯಿಲ್ಲ. ವೋಲ್ಟೇಜ್ ನಿಯಂತ್ರಣದಲ್ಲಿರುವವರೆಗೆ ಗಾಡಿ ತನಗೆ ಬೇಕಾದಷ್ಟೇ ಎಳೆಯುತ್ತದೆ. ತೊಂದರೆ ಇರುವುದು ವೈರ್ ಮತ್ತು ಬೆಲ್ಟ್‌ಗೆ. 100 ಆಂಪಿಯರ್ ಕೊಡುವಾಗ ಆಲ್ಟರ್ನೇಟರ್ ಎಂಜಿನ್‌ನಿಂದ ಸುಮಾರು 3 ಹಾರ್ಸ್‌ಪವರ್ ಕೇಳುತ್ತದೆ. ಒಂಟಿ ವಿ ಬೆಲ್ಟ್ ಅಲ್ಲಿ ಜಾರಲು ಶುರುಮಾಡುತ್ತದೆ. ಕೇಬಲ್ ವಿಷಯದಲ್ಲಿ ನಾನು ಗಟ್ಟಿ: 60 ಆಂಪಿಯರ್‌ಗೆ 10 ಚದರ ಮಿಲಿಮೀಟರ್ ತಾಮ್ರ, 100ಕ್ಕೆ ಕನಿಷ್ಠ 16, ಬ್ಯಾಟರಿ ಕಡೆಯ ತುದಿಯಲ್ಲಿ ಫ್ಯೂಸ್. ಹಳೇ ಡಾಡ್ಜ್ ಪಿಕಪ್‌ಗಳಂತೆ ಚಾರ್ಜಿಂಗ್ ಕರೆಂಟ್ ಡ್ಯಾಶ್‌ನ ಆಮೀಟರ್ (ಕರೆಂಟ್ ಅಳೆಯುವ ಮೀಟರ್) ಮೂಲಕ ಹಾಯುವ ಗಾಡಿಯಾದರೆ ವೈರಿಂಗ್ ಬದಲಿಸದೆ ದೊಡ್ಡ ಆಲ್ಟರ್ನೇಟರ್ ಮುಟ್ಟಲೇಬೇಡಿ. ಡ್ಯಾಶ್ ಹಿಂದೆಯೇ ಸುಡುತ್ತದೆ.

'ಒಂದೇ ವೈರ್ ಸಾಕು' ಎಂದು ಮಾರುವ ಆಲ್ಟರ್ನೇಟರ್‌ಗಳೂ ನನಗೆ ಇಷ್ಟವಿಲ್ಲ. ಸ್ಟಾರ್ಟ್ ಮಾಡಿ ರೇಸ್ ಕೊಡುವವರೆಗೆ ಚಾರ್ಜ್ ಶುರುವಾಗುವುದಿಲ್ಲ. ಎಚ್ಚರಿಕೆ ದೀಪ ಇಲ್ಲ. ದೂರದ ಬ್ಯಾಟರಿಯ ವೋಲ್ಟೇಜ್ ಓದುವುದೂ ಇಲ್ಲ. ನಾಲ್ಕು ವೈರ್ ಜೋಡಿಸುವ ಶ್ರಮ ಉಳಿಸಲು ಇಷ್ಟನ್ನು ಬಿಟ್ಟುಕೊಡಬಾರದು. ಹೊಸದು ಹಳೇದಕ್ಕಿಂತ ಕೈಗೆ ತೀರಾ ಹಗುರ ಅನ್ನಿಸಿದರೆ, ಅಂಕಿ ಮಾತ್ರ ದೊಡ್ಡದಿದ್ದರೆ, ಬೆಂಚ್ ಮೇಲೆ ಲೋಡ್ ಹಾಕಿ ತೋರಿಸಲು ಕೇಳಿ. ತೋರಿಸದಿದ್ದರೆ ಬೇರೆ ಅಂಗಡಿ ನೋಡಿ.

5. ಕೂರಿಸುವುದು

ಬ್ರ್ಯಾಕೆಟ್‌ನಲ್ಲಿ ಕಿವಿ ತಾಗುವ ಜಾಗ ಉಜ್ಜಿ ಹೊಳೆಯಿಸಿ, ಕೂರಿಸಿ, ಬೆಲ್ಟ್ ಟೈಟ್ ಮಾಡಿ, ವೈರ್ ಜೋಡಿಸಿ, ಕೊನೆಗೆ ಬ್ಯಾಟರಿ ಮೈನಸ್ ಹಾಕಿ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಚಾರ್ಜರ್‌ನಲ್ಲಿ ತುಂಬಿಸಿಯೇ ಸ್ಟಾರ್ಟ್ ಮಾಡಿ. ಸತ್ತ ಬ್ಯಾಟರಿ ತುಂಬಿಸುವ ಕೆಲಸ ಹೊಸ ಆಲ್ಟರ್ನೇಟರ್‌ಗೆ ಕೊಟ್ಟರೆ ಮೊದಲ ದಿನವೇ ಅದು ಸುಡುವಷ್ಟು ಬಿಸಿಯಾಗುತ್ತದೆ.

ಕೀ ಹಾಕಿದಾಗ ಬ್ಯಾಟರಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಎಂಜಿನ್ ಬಿಸಿಯಾದ ನಂತರ ಐಡಲ್‌ನಲ್ಲೇ ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ ಮೀಟರ್ ಹಿಡಿಯಿರಿ. 13 ವೋಲ್ಟ್‌ಗಿಂತ ಕೆಳಗಿಳಿದರೆ ಪುಲ್ಲಿ, ಬೆಲ್ಟ್, ಅರ್ಥ್ ಮತ್ತೆ ನೋಡಿ. ಹೊಸ ಬೆಲ್ಟ್ ಹಾಕಿದ್ದರೆ ಒಂದೆರಡು ದಿನ ಓಡಿಸಿದ ಮೇಲೆ ಅದು ಸಡಿಲಾಗಿರುತ್ತದೆ, ಇನ್ನೊಮ್ಮೆ ಟೈಟ್ ಮಾಡಿ. ಬಿ ಪ್ಲಸ್ ನಟ್ಟನ್ನೂ ಆಗಲೇ ಸ್ಪಾನರ್ ಹಾಕಿ ನೋಡಿಬಿಡಿ, ಬ್ಯಾಟರಿ ಮೈನಸ್ ಕಳಚಿಯೇ.